ಒಂದು ಎಂಜಿನ್, ಎರಡು ಎಂಜಿನ್

ಹನ್ನೊಂದು ದಿನದಿಂದ ಆ ಎರಡು ವಿಮಾನಗಳ ಚಿತ್ರಗಳು ಜತ್ತಪ್ಪ ರೈಯ ಕ್ಷೌರದ ಕನ್ನಡಿಯ ಕೆಳಗೆ ಒರಗಿ ನಿಂತಿದ್ದವು. ಎಡಗಡೆಯದು ಎರಡು ಎಂಜಿನಿನದ್ದು, ಹತ್ತೊಂಬತ್ತು ಸೀಟು; ಫೋಟೋ ತೆಗೆಸಿಕೊಳ್ಳಲು ಉಸಿರು ಬಿಗಿಹಿಡಿದ ಮದುಮಗನ ಹಾಗೆ ಎದೆ ಮುಂದೆ ಮಾಡಿಕೊಂಡಿತ್ತು. ಬಲಗಡೆಯದಕ್ಕೆ ಒಂದೇ ಎಂಜಿನು, ಒಂಬತ್ತು ಸೀಟು. ರೆಕ್ಕೆ ತಲೆಯ ಮೇಲೆ, ಕಾಲು ಒಳಗೆಳೆದುಕೊಳ್ಳಲು ಬಾರದೆ ಹೊರಗೇ ಇಳಿಬಿಟ್ಟುಕೊಂಡು, ಹುಲ್ಲಿನ ಮೇಲೆ ಕೂತ ಮಿಡತೆಯಂತಿತ್ತು. ಎಡಗಡೆಯದನ್ನು ನೋಡುತ್ತಿರುವಾಗ ಬಲಗಡೆಯದು ತನ್ನನ್ನು ನೋಡುತ್ತಿದೆ ಎಂದೂ, ಬಲಗಡೆಯದನ್ನು ನೋಡಿದರೆ ಎಡಗಡೆಯದು ಬೇಸರದಿಂದ ಮುಖ ತಿರುಗಿಸಿತು ಎಂದೂ ಅವನಿಗೆ ಅನಿಸತೊಡಗಿ ನಾಲ್ಕೈದು ದಿನವಾಗಿತ್ತು. ಇವತ್ತು ಶನಿವಾರ. ಇವತ್ತು ಹೇಳಿಬಿಡಬೇಕು. ಹೇಳಿದ್ದು ಶಾಲೆಯ ಅಚ್ಚುತ ಮಾಸ್ಟ್ರ ದುಂಡಗಿನ ಅಕ್ಷರದಲ್ಲಿ ಕಾಗದಕ್ಕಿಳಿದು ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರಿನಿಂದ ಎಲ್ಲಿಗೆ ಹೋಗುತ್ತದೋ, ಒಂದು ದಿನ ಆಕಾಶದಿಂದಲೇ ವಾಪಸು ಬರುತ್ತದೆ. ಬ್ಲೇಡು ಗಲ್ಲದ ಮೂಲೆಯಲ್ಲಿ ಸಣ್ಣಗೆ ಜಾರಿತು. ಸಾಬೂನಿನ ನೊರೆಯಲ್ಲಿ ಕೆಂಪು ನಿಧಾನವಾಗಿ ಹರಡುವುದನ್ನು ಅವನು, ಅದು ಬೇರೆ ಯಾರದೋ ಮುಖ ಎಂಬಂತೆ, ಸ್ವಲ್ಪ ಹೊತ್ತು ನೋಡಿದ.

"ಜೀಪು ಬಂತು. ನೀವಿನ್ನೂ ಅರ್ಧ ಮುಖದಲ್ಲೇ ಇದ್ದೀರಿ" ಎಂದು ಹೆಂಡತಿ ದಮಯಂತಿ ಬಾಗಿಲ ಬಳಿ ಬಂದು ನಿಂತಳು. "ಯಾವುದಂತ ನಿಶ್ಚಯ ಆಯ್ತಾ?"

"ಆಗ್ತಾ ಉಂಟು."

"ಹನ್ನೊಂದು ದಿನದಿಂದ ಆಗ್ತಾ ಉಂಟು. ನನ್ನನ್ನು ನೋಡಿ ಒಪ್ಪಿ ಹೋದದ್ದು ಅರ್ಧ ಗಂಟೆಯಲ್ಲಿ. ಅದಕ್ಕೆ ಎಂಜಿನ್ ಎಷ್ಟು ಅಂತ ಸಹ ಕೇಳಿರಲಿಲ್ಲ ನೀವು."

ಅವಳು ಟವೆಲು ಕೊಟ್ಟು ಒಳಗೆ ಹೋದಳು. ಆ ಅರ್ಧ ಗಂಟೆ ಮಾತ್ರ ಹೋಗಲಿಲ್ಲ. ಅರುವತ್ತೈದನೇ ಇಸವಿಯ ಆ ಅರ್ಧ ಗಂಟೆಯಲ್ಲಿ ಅವನು ವಾಯುಪಡೆಯ ನೀಲಿ ಸಮವಸ್ತ್ರ ತೊಟ್ಟು ಅವಳ ಅಪ್ಪನ ಜಗಲಿಯಲ್ಲಿ ಕೂತಿದ್ದ, ಸಂಬಂಧ ಕೂಡಿಸಿದವನು ಮೊದಲೇ "ಹುಡುಗ ಪೈಲಟ್" ಎಂದು ಹೇಳಿಯಾಗಿತ್ತು, ಅವಳ ಅಪ್ಪ ಬೆಲ್ಲ ನೀರು ಕೊಟ್ಟು, "ಮೇಲೆ ಹೋಗುವಾಗ ಹೆದರಿಕೆ ಆಗುದಿಲ್ವಾ ಮಾರಾಯ್ರೆ?" ಎಂದು ಕೇಳಿದಾಗ ಜತ್ತಪ್ಪ ನೆಲ ನೋಡಿ ನಕ್ಕಿದ್ದ. ಅಷ್ಟೇ. ಸುಳ್ಳು ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ. ಹದಿನೆಂಟು ವರ್ಷ ಊರಿನವರೇ ಅವನ ಪರವಾಗಿ ಆ ಕೆಲಸವನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದರು. ಅವನು ಹತ್ತಿರ ನಿಂತು ನಗುತ್ತಿದ್ದ. ಪುತ್ತೂರಿನ ಕ್ಷೌರದಂಗಡಿಯಲ್ಲಿ ಅವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ಶಾಲೆಗಳ ವಾರ್ಷಿಕೋತ್ಸವಕ್ಕೆ ಕರೆದು ಆಕಾಶದ ಬಗ್ಗೆ ನಾಲ್ಕು ಮಾತು ಆಡಿರೆಂದು ಕೇಳುತ್ತಿದ್ದರು. ಅವನು ಶಿಸ್ತಿನ ಬಗ್ಗೆ ಆಡುತ್ತಿದ್ದ. ವಿಮಾನದ ಜತ್ತಪ್ಪಣ್ಣ ಎಂದರೆ ಜಾಲ್ಸೂರಿನಿಂದ ಕಾಸರಗೋಡಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೂ ಗೊತ್ತು. ವಾಯುಪಡೆಯಲ್ಲಿ ಅವನು ಹದಿನೈದು ವರ್ಷ ಸ್ಟೋರಿನಲ್ಲಿದ್ದ, ಕೌಂಟರಿನ ಹಿಂದೆ, ಚಕ್ರಗಳ ಮತ್ತು ಬೋಲ್ಟುಗಳ ನಡುವೆ. ಒಂದು ಸಲವೂ ನೆಲ ಬಿಟ್ಟವನಲ್ಲ ಎಂಬುದು ಮಾತ್ರ ಈ ಸೀಮೆಯಲ್ಲಿ ಒಬ್ಬನಿಗಷ್ಟೇ ಗೊತ್ತಿತ್ತು, ಮತ್ತು ಆ ಒಬ್ಬ ಈಗ ಗಲ್ಲಕ್ಕೆ ಪಟಿಕ ಒತ್ತಿಕೊಂಡು ಜೀಪು ಹತ್ತುತ್ತಿದ್ದ.

ಜೀಪು ಕಿಟ್ಟಣ್ಣ ಶೆಟ್ರದ್ದು. ಪುತ್ತೂರು, ಸುಳ್ಯ, ಕಡಬ ಎಂದು ನಾಲ್ಕು ಬಸ್ಸು ಓಡಿಸುವ ಕಿಟ್ಟಣ್ಣ ಶೆಟ್ರಿಗೆ ವಿಮಾನದ ಯೋಚನೆ ಬಂದದ್ದು ಹೋದ ಆಷಾಢದಲ್ಲಿ. ಹೊಸ್ಮಠದ ಸೇತುವೆ ನೀರಿನಡಿ ಹೋಗಿ, ಘಟ್ಟದ ರಸ್ತೆ ಜರಿದು, ನಾಲ್ಕು ಬಸ್ಸುಗಳೂ ಶೆಡ್ಡಿನಲ್ಲಿ ಮಲಗಿದ್ದಾಗ ಅವರು ಮೇಲೆ ನೋಡಿದರಂತೆ. ಮೇಲೆ ಜಾಗ ಖಾಲಿ ಇತ್ತಂತೆ. ಕೂಡಲೇ ಒಂದು ಸಮಿತಿಯಾಯಿತು. ಈಶ್ವರಮಂಗಲದ ಹತ್ತಿರ ಗುಡ್ಡದ ನೆತ್ತಿಯ ಬಯಲಾದ ಪದವಿನ ಮೇಲೆ ಒಂದು, ಸುಳ್ಯದ ಕಡೆ ಒಂದು, ಕಡಬದ ಬಯಲಿನಲ್ಲಿ ಒಂದು ಎಂದು ಮೂರು ಇಳಿಯುವ ಪಟ್ಟಿಗಳು. ಮಂಗಳೂರಿನಿಂದ ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ. ಬೆಂಗಳೂರಿನ ಯಾವುದೋ ಕಚೇರಿಗೆ ಅರ್ಜಿ ಹೋಗಿ, ಎಲ್ಲರಿಗೂ ಆಶ್ಚರ್ಯವಾಗುವಂತೆ ಉತ್ತರವೂ ಬಂದಿತ್ತು. ಅದರ ಜೊತೆ ಈ ಎರಡು ಚಿತ್ರಗಳು. ಇವುಗಳಲ್ಲಿ ತಮ್ಮ ಪ್ರದೇಶಕ್ಕೆ ಯಾವ ನಮೂನೆಯ ವಿಮಾನ ಸೂಕ್ತವೆಂಬುದನ್ನು ಅನುಭವಸ್ಥರ ಅಭಿಪ್ರಾಯ ಸಹಿತ ತಿಳಿಸತಕ್ಕದ್ದು. ಅನುಭವಸ್ಥರು ಯಾರು ಎಂದು ಸಮಿತಿ ಯೋಚನೆ ಮಾಡುವ ಸಂದರ್ಭವೇ ಬರಲಿಲ್ಲ. ಎಲ್ಲರೂ ಒಟ್ಟಿಗೇ ಜತ್ತಪ್ಪನ ಕಡೆ ತಿರುಗಿದರು, ಅವನು ನಕ್ಕ.

"ರೈಗಳೇ, ಒಂದು ಸಂಶಯ" ಎಂದರು ಕಿಟ್ಟಣ್ಣ ಶೆಟ್ರು, ತಿರುವಿನಲ್ಲಿ ಗೇರು ಬದಲಾಯಿಸುತ್ತ. "ಹತ್ತೊಂಬತ್ತು ಸೀಟಿನದ್ದರಲ್ಲಿ ನಿಂತುಕೊಂಡು ಹೋಗುವವರು ಎಷ್ಟು ಜನ?"

"ನಿಲ್ಲಲಿಕ್ಕೆ ಇಲ್ಲ ಶೆಟ್ರೇ."

"ಇಲ್ಲ ಅಂದ್ರೆ ಬೋರ್ಡಿನಲ್ಲಿ ಇಲ್ಲ. ಅದು ನನ್ನ ಬಸ್ಸಿನ ಬೋರ್ಡಿನಲ್ಲೂ ಇಲ್ಲ."

"ಮಾಡು ತಲೆಗೆ ತಾಗ್ತದೆ."

"ಹಾಗಾದ್ರೆ ಚಾಸಿ ಮಾತ್ರ ತರಿಸುವ. ಬಾಡಿ ಮಂಗಳೂರಿನಲ್ಲಿ ಕಟ್ಟಿಸಿದ್ರೆ ಮಾಡನ್ನು ಒಂದು ಅಡಿ ಎತ್ತರಿಸಬಹುದು. ನನ್ನ ನಾಲ್ಕು ಬಾಡಿಯೂ ಅಲ್ಲಿಯದೇ. ನಿಂತವರು ಹಿಡ್ಕೊಳ್ಳಲಿಕ್ಕೆ ಮೇಲೊಂದು ಸರಳು ಹಾಕಿಸಿದ್ರೆ ಆಯ್ತು."

ಹಿಂದೆ ಕೂತಿದ್ದ ಪಂಜದ ಡೊಂಬಯ್ಯ ಗೌಡರು ರಬ್ಬರು ಬೆಳೆಯುವವರು, ಸಮಿತಿಯ ಉಪಾಧ್ಯಕ್ಷರು. ಅವರು ಮುಂದಕ್ಕೆ ಬಗ್ಗಿ, "ಮೇಲೆ ಲಗೇಜು ಕಟ್ಟಲಿಕ್ಕೆ ಏಣಿ ಹಿಂದೆಯಾ, ಬದಿಗಾ?" ಎಂದು ಕೇಳಿದರು. ಜತ್ತಪ್ಪ ನಕ್ಕ. ಗೊತ್ತಿದ್ದವರು ನಗುವ ರೀತಿ ಅದೇ ಎಂದು ಇಬ್ಬರೂ ಸುಮ್ಮನಾದರು. ರಸ್ತೆಯ ಎರಡೂ ಬದಿಯಿಂದ ಬಿಸಿಲು ಮರಗಳ ಸಂದಿನಲ್ಲಿ ಬಂದು ಬಂದು ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಕೆಂಪು, ಕಪ್ಪು, ಕೆಂಪು. ಸ್ಟೋರಿನ ಎತ್ತರದ ವೆಂಟಿಲೇಟರಿನಲ್ಲಿ ಹೀಗೆಯೇ ಆಗುತ್ತಿತ್ತು. ವಿಮಾನ ಹೊರಗೆ ಓಡಿ ಏಳುವಾಗ ಅದರ ನೆರಳು ಆ ಒಂದು ಗೇಣಿನ ಗಾಜನ್ನು ದಾಟುತ್ತಿತ್ತು. ಕೌಂಟರಿನ ಮೇಲೆ ಬೆಳಕು ಒಂದು ಸಲ ಕಣ್ಣು ಮಿಟುಕಿಸಿದಂತಾಗಿ, ಆಮೇಲೆ ಸದ್ದು ಮಾತ್ರ ಉಳಿಯುತ್ತಿತ್ತು. ಹದಿನೈದು ವರ್ಷದಲ್ಲಿ ಅವನು ನೋಡಿದ ಹಾರಾಟವೆಲ್ಲ ಸೇರಿಸಿದರೆ ಅದು ಅಂಥ ಕೆಲವು ಸಾವಿರ ಮಿಟುಕು.

ಪದವಿನ ಮೇಲೆ ಅಚ್ಚುತ ಮಾಸ್ಟ್ರು ಮೊದಲೇ ಬಂದು, ಶಾಲೆಯ ಕ್ರೀಡಾಕೂಟದ ಹಗ್ಗವನ್ನು ಬಿಚ್ಚಿಕೊಂಡು ಕಾಯುತ್ತಿದ್ದರು. ಕೆಳಗಿನ ಶಾಲೆಯ ಮುಖ್ಯೋಪಾಧ್ಯಾಯರೂ ಸಮಿತಿಯ ಕಾರ್ಯದರ್ಶಿಯೂ ಅವರೇ. ಐವತ್ತು ಮೀಟರಿನ ಹಗ್ಗ. ಸಣ್ಣ ವಿಮಾನಕ್ಕೆ ಹನ್ನೆರಡು ಹಗ್ಗ ಸಾಕು, ದೊಡ್ಡದಕ್ಕೆ ಹದಿನೆಂಟು ಬೇಕು. ಮುರಕಲ್ಲಿನ ಆ ಬಯಲು, ಮುಳಿಹುಲ್ಲು ಕೊಯ್ದು ಬೋಳಾಗಿ, ಬಿಸಿಲಿಗೆ ಹಂಚಿನ ಹಾಗೆ ಕಾದಿತ್ತು. ಹಗ್ಗ ಹಾಕುತ್ತ ಹಾಕುತ್ತ ಜತ್ತಪ್ಪ ಮನಸ್ಸಿನಲ್ಲೇ ಬೇಡಿಕೊಂಡದ್ದು ಒಂದೇ: ಹದಿನೇಳಕ್ಕೆ ಪದವು ಮುಗಿದುಬಿಡಲಿ. ಜಾಗವೇ ಇಲ್ಲದಿದ್ದರೆ ದೊಡ್ಡದು ತಾನಾಗಿ ಹೋಯಿತು. ಹೇಳುವುದಕ್ಕೆ ಏನೂ ಉಳಿಯುವುದಿಲ್ಲ, ನೆಲವೇ ಹೇಳಿದ ಹಾಗಾಯಿತು. ಪದವು ಹತ್ತೊಂಬತ್ತು ಹಗ್ಗ ಇತ್ತು. ಅಚ್ಚುತ ಮಾಸ್ಟ್ರು ಮಕ್ಕಳಿಗೆ ಬಹುಮಾನ ಬಂದಷ್ಟು ಸಂತೋಷದಿಂದ "ಹತ್ತೊಂಬತ್ತು!" ಎಂದು ಕೂಗಿದರು. ಕಿಟ್ಟಣ್ಣ ಶೆಟ್ರು ನಂಬದೆ, ಜೀಪಿನ ಮೀಟರಿನಲ್ಲಿ ಇನ್ನೊಮ್ಮೆ ಅಳೆದು ಬರುತ್ತೇನೆಂದು ಹೊರಟರು. ಕೊನೆಯ ಗುರುತಿಗೆ ಕೊಡೆ ಹಿಡಿದು ನಿಲ್ಲುವ ಕೆಲಸ ಜತ್ತಪ್ಪನ ಪಾಲಿಗೆ ಬಂತು.

ಅಲ್ಲಿ ನಿಂತಾಗ ಬಿಸಿಲಿನ ಅಲೆಯಲ್ಲಿ ದೂರದ ಮೂವರೂ ನೆಲಕ್ಕೆ ತಾಗದೆ ತೇಲುತ್ತಿರುವಂತೆ ಕಂಡರು. ಎಲ್ಲರೂ ಹಾರುತ್ತಾರೆ, ತಾನೊಬ್ಬನೇ ಕೊಡೆ ಹಿಡಿದವನು ಎನಿಸಿ ಅವನಿಗೆ ಯಾಕೋ ಹಿತವಾಯಿತು. ಹಿಂದಿನಿಂದ ಆಡುಗಳ ಸದ್ದು. ಪದವಿನ ಅಂಚಿನ ಕೆಳಗೆ ಮನೆಯಿರುವ ಮೈಮೂನಾ, ಐದು ಆಡುಗಳ ಹಿಂದೆ, ತಲೆಯ ಮೇಲೆ ಹುಲ್ಲಿನ ಕಟ್ಟು ಹೊತ್ತು ಬಂದಳು. ಪ್ರಾಯ ಅರುವತ್ತರ ಹತ್ತಿರ. ಬಂದವಳು ಕಟ್ಟನ್ನು ಇಳಿಸಿ ಅವನನ್ನೂ ಕೊಡೆಯನ್ನೂ ನೋಡಿದಳು.

"ಎಂತ ರೈಗಳೇ, ಮಾಸ್ಟ್ರು ನಿಮ್ಮನ್ನೂ ಓಟಕ್ಕೆ ಸೇರಿಸಿದ್ರಾ?"

"ಅಲ್ಲ ಮೈಮೂನಕ್ಕ. ವಿಮಾನ ಇಳಿಲಿಕ್ಕೆ ಜಾಗ ನೋಡುದು."

"ಇಲ್ಲಿಯಾ? ಆಗ ಆಡು?"

"ಓಡಿಸ್ತಾರೆ."

"ಯಾರು?"

ಸಮಿತಿ ಅದನ್ನು ಯೋಚಿಸಿರಲಿಲ್ಲ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಆಕಾಶವನ್ನು ಒಮ್ಮೆ, ನೆಲವನ್ನು ಒಮ್ಮೆ ನೋಡಿ, ಕೇಳಿದಳು: "ನೀವು ವಿಮಾನ ಬಿಡ್ತಾ ಇದ್ದದ್ದಾ?"

ಇಷ್ಟು ವರ್ಷದಲ್ಲಿ, ವಿಮಾನ ನಡೆಸಿದ್ದು ನೀವೇನಾ ಎಂದು ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಮೇಲಿನಿಂದ ಊರು ಹೇಗೆ ಕಾಣುತ್ತದೆ, ಮೋಡದ ಒಳಗೆ ಒದ್ದೆಯಾಗುತ್ತದಾ, ಪಾಕಿಸ್ತಾನದವರನ್ನು ಹತ್ತಿರದಿಂದ ಕಂಡಿದ್ದೀರಾ ಎಂದೆಲ್ಲ ಕೇಳುತ್ತಿದ್ದರು. ಆ ಪ್ರಶ್ನೆಗಳಲ್ಲಿ ಉತ್ತರ ಮೊದಲೇ ಕೂತಿರುತ್ತಿತ್ತು, ಪಕ್ಕದಲ್ಲಿ ಒಂದು ನಗು ಇಡಲು ಜಾಗವೂ ಇರುತ್ತಿತ್ತು. ಇದರಲ್ಲಿ ಇರಲಿಲ್ಲ. ಅವಳು ಸುಮ್ಮನೆ ತಿಳಿಯಬೇಕೆಂದು ಕೇಳಿ, ಅವನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ಆಡು ಹಗ್ಗದ ತುದಿಯನ್ನು ಜಗಿಯುತ್ತಿತ್ತು. ಜತ್ತಪ್ಪ ನಗಲು ನೋಡಿದ. ಗಲ್ಲದ ಗಾಯ ಎಳೆಯಿತು.

"ಹೌದು" ಎಂದ.

ಎಷ್ಟು ಸುಲಭ! ಆ ಮಾತು ಹೊರಗೆ ಬಂದು, ಅವರಿಬ್ಬರ ನಡುವೆ ಮುರಕಲ್ಲಿನ ಮೇಲೆ ಕೂತು, ಕದಲಲಿಲ್ಲ.

"ಹಾಗಾದ್ರೆ ಆಯ್ತು" ಎಂದಳು ಮೈಮೂನಾ. "ಮಗಳನ್ನು ಕೊಟ್ಟದ್ದು ಕಡಬಕ್ಕೆ. ಹೋದ ಮಳೆಯಲ್ಲಿ ಅವಳ ಹೆರಿಗೆಗೆ ಅಂತ ಹೊರಟವಳು ನೀರು ಬಂದು ಸೇತುವೆಯ ಈಚೆ ಒಂದು ವಾರ ಯಾರದೋ ಮನೆಯಲ್ಲಿ ಕೂತೆ. ನಾನು ಅಲ್ಲಿ ಮುಟ್ಟುವಾಗ ಮಗುವಿಗೆ ಏಳು ದಿನ ಕಳೆದು ತಲೆಕೂದಲು ತೆಗೆದೂ ಆಗಿತ್ತು. ಈ ಮಳೆಗೆ ಪುನಃ ಹೆರಿಗೆ ಉಂಟು ಅವಳಿಗೆ. ನನಗೆ ಇದರಲ್ಲಿ ಕೂರಲಿಕ್ಕೆ ಹೆದರಿಕೆ. ಆದ್ರೆ ಬಿಟ್ಟವರು ಹೇಳಿದ್ರೆ ಧೈರ್ಯ ಅಲ್ವಾ? ನೀವು ಯಾವುದು ಆಗ್ತದೆ ಅಂತ ಹೇಳ್ತೀರೋ ಅದರಲ್ಲಿ ಕೂತ್ಕೊಳ್ತೇನೆ."

ಅವಳು ಕಟ್ಟನ್ನು ತಲೆಗೇರಿಸಲು ಬಗ್ಗಿದಾಗ ಅವನು ಕೈಕೊಟ್ಟ. ಹುಲ್ಲು ಹಗುರವಾಗಿತ್ತು. ಅವಳು ಆಡುಗಳ ಹಿಂದೆ ಅಂಚನ್ನು ಇಳಿದು ಹೋದ ಮೇಲೆ ಜೀಪು ಬಂತು. ಕಿಟ್ಟಣ್ಣ ಶೆಟ್ರು ತಲೆ ಹೊರಗೆ ಹಾಕಿ, "ಸರಿ ಉಂಟು ರೈಗಳೇ, ಮಾಸ್ಟ್ರ ಹಗ್ಗ ಸುಳ್ಳು ಹೇಳುದಿಲ್ಲ" ಎಂದರು.

ಊಟ ಅಚ್ಚುತ ಮಾಸ್ಟ್ರ ಮನೆಯಲ್ಲಿ. ಮಾಸ್ಟ್ರ ಹೆಂಡತಿ ನೀಲಾವತಿ ಬಾಗಿಲಲ್ಲೇ, "ಎಂತದೂ ಮಾಡಲಿಲ್ಲ, ಬರೀ ಅನ್ನ ಸಾರು" ಎಂದು ಸಂಕೋಚಪಟ್ಟುಕೊಂಡು, ಕೋಳಿ ಸಾರು, ಒತ್ತು ಶ್ಯಾವಿಗೆ, ಗುಜ್ಜೆಯ ಪಲ್ಯ, ಕಾಯಿಸಿದ ಬಂಗುಡೆ, ಕೊನೆಗೆ ಪಾಯಸ ಬಡಿಸಿದಳು. ಇದು ಈ ಸೀಮೆಯ ಕ್ರಮ. ಇಲ್ಲಿ ಇದ್ದದ್ದನ್ನು ಉಂಟು ಎನ್ನುವವನು ಹೊಸಬ. ಎಲೆಯ ಮುಂದೆ ಕೂತು ಡೊಂಬಯ್ಯ ಗೌಡರು ತಮ್ಮ ನಲುವತ್ತು ಎಕರೆಯನ್ನು "ನಾಲ್ಕು ರಬ್ಬರ್ ಮರ ಉಂಟು, ನೋಡ್ಕೊಂಡು ಕೂತಿದ್ದೇನೆ" ಎಂದು ವಿವರಿಸಿದರು. ಕಿಟ್ಟಣ್ಣ ಶೆಟ್ರು ತಮಗೆ ಬಸ್ಸಿನ ವಿಷಯ ಎಂತದೂ ಗೊತ್ತಿಲ್ಲ, ದೇವರು ಓಡಿಸುತ್ತಾನೆ ಎಂದರು. ಯಾರೂ ಯಾರನ್ನೂ ನಂಬಲಿಲ್ಲ, ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಜತ್ತಪ್ಪ ಅನ್ನವನ್ನು ಕಲಸುತ್ತ, ಬಿಟ್ಟವರು ಹೇಳಿದರೆ ಧೈರ್ಯ, ಎಂಬುದನ್ನು ಪುನಃ ಪುನಃ ನುಂಗುತ್ತಿದ್ದ.

ಊಟವಾದ ಮೇಲೆ ಈಸಿಚೇರಿನಲ್ಲಿ ಕೂತವನಿಗೆ ಜೋಂಪು ಹತ್ತಿತು. ರಬ್ಬರಿನ ವಾಸನೆ ಬಂತು. ಡೊಂಬಯ್ಯ ಗೌಡರ ಅಂಗಿಯದ್ದೋ, ಸ್ಟೋರಿನದ್ದೋ. ಚಕ್ರಗಳು ಮೇಣದ ಕಾಗದ ಸುತ್ತಿಕೊಂಡು ಸಾಲಾಗಿ ಮಲಗಿದ್ದವು, ಬಿಳಿ ಪುಡಿ ಹಚ್ಚಿಸಿಕೊಂಡ ಟ್ಯೂಬುಗಳು ಮಿಂದ ಶಿಶುಗಳ ಹಾಗೆ. ಅವನು ಅವುಗಳ ನಡುವೆ ಬರಿಗಾಲಿನಲ್ಲಿ ನಡೆಯುತ್ತಿದ್ದ. ಕೌಂಟರಿನ ಆಚೆ ಮೆಕ್ಯಾನಿಕ್ಕುಗಳು ಬರುತ್ತಿದ್ದರು. ಎರಡು ಎಂಜಿನಿನ ವಿಮಾನದವನು ದಿನಾ ಬರುತ್ತಿದ್ದ, ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ಬೇಡಿಕೆಯ ಚೀಟಿ. ಎಡಗಡೆಯದಕ್ಕೆ ಒಂದು ಪಂಪು ಬೇಕು, ಬಲಗಡೆಯದಕ್ಕೆ ಒಂದು ಸೀಲು ಬೇಕು. ಇಲ್ಲ ಎಂದರೆ ಗೋಡೆಗೊರಗಿ ಕೂರುತ್ತಿದ್ದ. ಸಮುದ್ರದಾಚೆಯಿಂದ ಪಂಪು ಬರಲು ಆರು ತಿಂಗಳು. ಅಷ್ಟರಲ್ಲಿ ಟಾರ್ಪಾಲು ಹೊದ್ದು ನಿಂತ ವಿಮಾನದ ಎಂಜಿನಿನೊಳಗೆ ಗುಬ್ಬಚ್ಚಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳೂ ಹಾರಿಹೋಗುತ್ತಿದ್ದವು. ಒಂದು ಎಂಜಿನಿನ, ಕಾಲು ಮಡಚಲು ಬಾರದ ಸಣ್ಣ ವಿಮಾನದವನು ತಿಂಗಳಿಗೊಮ್ಮೆ, ಬರೀ ಹರಟೆಗೆ ಬರುತ್ತಿದ್ದ. "ಅದಕ್ಕೆ ಕೆಡಲಿಕ್ಕೆ ಎಂತ ಉಂಟು?" ಎಂದು ಕನಸಿನಲ್ಲಿ ಅವನು ತುಳುವಿನಲ್ಲೇ ಹೇಳಿದ. ಆಮೇಲೆ ಬೆಳಗ್ಗಿನ ಚಳಿ, ಅಸ್ಸಾಮು. ಗುಡ್ಡದ ಮೇಲಿನ ಠಾಣೆಗೆ ಸಾಮಾನು ಒಯ್ಯುವ ವಿಮಾನದಲ್ಲಿ, "ಬಾ, ನೀನೂ ಒಂದು ಸಲ ನೋಡು" ಎಂದು ಯಾರೋ ಕರೆದು ಹತ್ತಿಸಿದ್ದರು. ಅವನು ಬೆಲ್ಟು ಕಟ್ಟಿಕೊಂಡೂ ಆಗಿತ್ತು. ತೂಕ ಹೆಚ್ಚಾಯಿತು ಎಂದರು. ಅವನ ಮುಂದೆ ಒಂದು ಆಲೂಗಡ್ಡೆಯ ಮೂಟೆ ಇತ್ತು. ಯಾರೂ ಒರಟಾಗಿ ಮಾತಾಡಲಿಲ್ಲ. ಮೇಲಿನವರು ಹಸಿದಿದ್ದಾರೆ ಎಂದರು, ಅದು ನಿಜವೂ ಆಗಿತ್ತು. ಅವನು ಇಳಿದ. ಬಾಗಿಲು ಮುಚ್ಚಿತು. ಆಲೂಗಡ್ಡೆ ಹೋಯಿತು. ಈಗಲೂ ಊಟದ ಎಲೆಯಲ್ಲಿ ಆಲೂಗಡ್ಡೆ ಕಂಡರೆ ಅದು ತಾನು ನೋಡದ್ದನ್ನು ನೋಡಿ ಬಂದದ್ದು ಎಂಬ ಒಂದು ಮರ್ಯಾದೆ ಅವನಲ್ಲಿ ಹುಟ್ಟುತ್ತದೆ; ದಮಯಂತಿ ಅದನ್ನು ಆಲೂಗಡ್ಡೆ ಅವರಿಗೆ ಆಗುವುದಿಲ್ಲ ಎಂದು ನೆಂಟರಿಗೆ ಹೇಳುತ್ತಾಳೆ.

ಮೂರು ಗಂಟೆಗೆ ಶಾಲೆಯ ಏಳನೇ ತರಗತಿಯಲ್ಲಿ ಸಭೆ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲನ್ನು ಎದೆಗೆ ತಾಗಿಸಿಕೊಂಡು ಕೂತರು. ಕರಿಹಲಗೆಯ ಮೇಲೆ ಎರಡು ಚಿತ್ರಗಳನ್ನೂ ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು. ಕಿಟ್ಟಣ್ಣ ಶೆಟ್ರು ಎದ್ದು ನಿಂತು, ತನ್ನ ಮನಸ್ಸು ಎರಡು ಎಂಜಿನಿನದ್ದರ ಮೇಲೆ ಎಂದರು. "ಒಂದು ಹೋದ್ರೆ ಇನ್ನೊಂದು ಉಂಟಲ್ಲ ಮಾರಾಯ್ರೆ. ಅಷ್ಟು ಎತ್ತರದಲ್ಲಿ ಇಳಿದು ನೂಕಲಿಕ್ಕೆ ಆಗುದಿಲ್ಲ." ಎಲ್ಲರೂ ನಕ್ಕರು. "ಆದ್ರೆ ರೈಗಳು ಎಂತ ಹೇಳ್ತಾರೋ ಅದೇ ಅಖೈರು. ನಾವು ಕೂರುವವರು, ಅವರು ಬಿಟ್ಟವರು."

ಜತ್ತಪ್ಪ ಎದ್ದ. ಬೆಂಚು ಅವನ ಜೊತೆ ಸ್ವಲ್ಪ ಎದ್ದು ಬಿತ್ತು. ಹೇಳಬೇಕಾದ್ದು ಅವನಿಗೆ ಗೊತ್ತಿತ್ತು. ಹನ್ನೊಂದು ದಿನದಿಂದಲ್ಲ, ಮೊದಲ ದಿನ ಲಕೋಟೆ ಒಡೆದಾಗಲೇ ಗೊತ್ತಿತ್ತು. ಸಣ್ಣದು. ಆದರೆ ಸಣ್ಣದು ಯಾಕೆ ಎಂದರೆ ಕೌಂಟರಿನ ವಿಷಯ ಹೇಳಬೇಕು. ಅವನ ಬಳಿ ಇದ್ದ ಒಂದೇ ನಿಜವಾದ ವಿದ್ಯೆ ಅವನು ಬಚ್ಚಿಟ್ಟ ಜಾಗದಲ್ಲೇ ಇತ್ತು. ಪೈಲಟನ ಹಾಗೆ ಮಾತಾಡಿದರೆ ಬಾಯಿಗೆ ಬರುವುದು ಸುಳ್ಳು ಮಾತ್ರ. ಕಿಟಕಿಯ ಆಚೆ, ಮೇಲೆ, ಪದವಿನ ಅಂಚು ಬಿಸಿಲಿನಲ್ಲಿ ಕಾಣುತ್ತಿತ್ತು. ಬೆಳಿಗ್ಗೆ ತಾನು ಬಿಟ್ಟುಬಂದ ಆ 'ಹೌದು' ಅಲ್ಲೇ ಕೂತಿರಬೇಕು.

"ನಾನು ವಿಮಾನ ಬಿಟ್ಟವನಲ್ಲ" ಎಂದ.

ಬರೆದುಕೊಳ್ಳುತ್ತಿದ್ದ ಅಚ್ಚುತ ಮಾಸ್ಟ್ರು ತಲೆಯೆತ್ತಿದರು.

"ನಾನು ಸ್ಟೋರಿನಲ್ಲಿ ಇದ್ದದ್ದು. ಹದಿನೈದು ವರ್ಷ. ಸಾಮಾನು ಎತ್ತಿ ಕೊಡುದು. ಒಂದು ಸಲವೂ ಮೇಲೆ ಹೋದವನಲ್ಲ."

ಆಯಿತು. ಇನ್ನು ಯಾರಾದರೂ ನಗಲಿ, ಉಗಿಯಲಿ. ಅವನು ಕಾದ. ಕಿಟ್ಟಣ್ಣ ಶೆಟ್ರು ಮೆಲ್ಲನೆ ತಲೆಯಾಡಿಸಿ, ಅವನ ಹೆಗಲ ಮೇಲೆ ಕೈಯಿಟ್ಟು, ಉಳಿದವರ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ನೀರು ಬಂದಂತಿತ್ತು.

"ನೋಡಿ. ಇದನ್ನು ನೋಡಿ ನಾವು ಕಲಿಲಿಕ್ಕೆ ಉಂಟು. ಇವತ್ತು ಸ್ಕೂಟರ್ ಬಿಡುವವ ಸಹ ಕಾಲರ್ ಎತ್ತಿಕೊಂಡು ತಿರುಗ್ತಾನೆ."

"ನನ್ನ ನಾಲ್ಕು ರಬ್ಬರ್ ಮರದ ಹಾಗೆ" ಎಂದು ಡೊಂಬಯ್ಯ ಗೌಡರು ಮೆಚ್ಚುಗೆಯಿಂದ ನಕ್ಕರು.

"ಅಲ್ಲ ಗೌಡ್ರೇ, ನಿಜಕ್ಕೂ. ನನಗೆ ಬಿಡಲಿಕ್ಕೆ ಗೊತ್ತಿಲ್ಲ."

"ಗೊತ್ತಿಲ್ಲ ಗೊತ್ತಿಲ್ಲ" ಎಂದರು ಅಚ್ಚುತ ಮಾಸ್ಟ್ರು, 'ಬರೀ ಅನ್ನ ಸಾರು' ಎಂದ ಹೆಂಡತಿಯನ್ನು ಬಲ್ಲವರ ದನಿಯಲ್ಲಿ. "ಒಟ್ಟು ಯಾವುದು ಆಗಬಹುದು ಅಂತ ಹೇಳಿ."

ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವನು ಕರಿಹಲಗೆಯ ಬಳಿ ಹೋಗಿ, ನಾನು ಯಾರು ಎಂದು ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂದು, ಶುರುಮಾಡಿದ. ಹೊರಗಿನ ಟಯರು, ಒಳಗಿನ ಟ್ಯೂಬು, ಬ್ರೇಕಿನ ಪಟ್ಟಿ, ಅದರ ಮೊಳೆ, ಮೊಳೆಯ ವಾಷರು. ಪಂಪು, ಪಂಪಿನ ಸೀಲು, ಎಣ್ಣೆಯ ಕೊಳವೆ, ಕೊಳವೆಯ ಗಂಟು. ಯಾವುದು ಮೊದಲು ಸವೆಯುತ್ತದೆ, ಯಾವುದು ಕಾದು ಒಡೆಯುತ್ತದೆ, ಯಾವುದಕ್ಕೆ ಎಷ್ಟು ತಿಂಗಳು ಕಾಯಬೇಕು. ಮಡಚುವ ಕಾಲಿಗೆ ಏನೇನು ಬೇಕು, ಮಡಚದ ಕಾಲಿಗೆ ಏನೇನು ಬೇಡ. ಸ್ಟೋರಿನ ಒಂದೊಂದೇ ಸಾಲು ಅವನ ಮುಂದೆ ತೆರೆದುಕೊಳ್ಳುತ್ತಿತ್ತು. ಕಣ್ಣು ಮುಚ್ಚಿ ಕೈಚಾಚಿದರೆ ಸಿಗುವಷ್ಟು ಹತ್ತಿರ. "ಎರಡು ಎಂಜಿನ್ ಅಂದ್ರೆ ಎಲ್ಲ ಎರಡೆರಡು. ಒಂದರಲ್ಲಿ ಒಂದು ಸೀಲು ಹೋದ್ರೂ ಎರಡೂ ಏಳುದಿಲ್ಲ. ಆಟಿಯ ಮಳೆಯಲ್ಲಿ ಸೇತುವೆ ಮುಳುಗುವಾಗ ಇದು ಟಾರ್ಪಾಲಿನ ಅಡಿಯಲ್ಲಿ ಇರ್ತದೆ. ಸಣ್ಣದು ಏಳ್ತದೆ. ಅದರ ಒಂದು ಎಂಜಿನ್ ಮೇಲೆ ನಿಂತ್ರೆ ಗದ್ದೆಯಲ್ಲಾದ್ರೂ ಮೆಲ್ಲ ಇಳಿತದೆ ಅಂತ ಪುಸ್ತಕದಲ್ಲಿ ಉಂಟು. ಅದು ನನಗೆ ಗೊತ್ತಿಲ್ಲ. ನಾನು ಕಂಡದ್ದಲ್ಲ. ನಾನು ಕಂಡದ್ದು ಯಾರು ದಿನಾ ಸ್ಟೋರಿಗೆ ಬರ್ತಾರೆ, ಯಾರು ಬರುದಿಲ್ಲ ಅಂತ ಮಾತ್ರ."

ಅವನು ನಿಲ್ಲಿಸಿದಾಗ ಎಲ್ಲರೂ ದೇವಸ್ಥಾನದಲ್ಲಿ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು.

"ಒಂದೊಂದು ಎಲುಬಿನ ಹೆಸರು ಗೊತ್ತುಂಟಲ್ಲ ಮಾರಾಯ್ರೆ!" ಎಂದರು ಡೊಂಬಯ್ಯ ಗೌಡರು. "ಬಿಡದೆ ಹೀಗೆ ಗೊತ್ತಾಗ್ತದಾ?"

ಸಣ್ಣದೇ ಎಂದು ಸರ್ವಾನುಮತದಿಂದ ನಿಶ್ಚಯವಾಯಿತು. ಎರಡು ಎಂಜಿನಿನ ಮದುಮಗನನ್ನು ಕಿಟ್ಟಣ್ಣ ಶೆಟ್ರೇ ಕೈಯಾರೆ ಹಲಗೆಯಿಂದ ಕಿತ್ತರು. ಅಚ್ಚುತ ಮಾಸ್ಟ್ರು ಬರೆದದ್ದನ್ನು ಓದಿದರು: ನಮ್ಮವರೇ ಆದ ನಿವೃತ್ತ ಪೈಲಟ್ ಶ್ರೀ ಜತ್ತಪ್ಪ ರೈಗಳ ಅನುಭವಪೂರ್ಣ ಸಲಹೆಯ ಮೇರೆಗೆ. ಜತ್ತಪ್ಪ ಆ ಒಂದು ಶಬ್ದ ತೆಗೆಯಿರಿ ಎಂದ. ಮಾಸ್ಟ್ರು ಅವನನ್ನು ಪ್ರೀತಿಯಿಂದ ನೋಡಿ, ತೆಗೆಯುವ ಬದಲು ಅದರ ಹಿಂದೆ 'ವಿನಯಶೀಲ' ಎಂದು ಸೇರಿಸಿದರು. ಸಹಿಯ ಕೆಳಗೆ ಅವನು ತನ್ನ ಕೈಯಲ್ಲೇ, ದೊಡ್ಡದಾಗಿ, ಸ್ಟೋರ್‌ಕೀಪರ್ ಎಂದು ಬರೆದ. "ಟೈಪು ಮಾಡಿಸುವಾಗ ಸರಿ ಮಾಡ್ತೇನೆ, ನೀವು ಚಿಂತೆ ಮಾಡಬೇಡಿ" ಎಂದರು ಮಾಸ್ಟ್ರು, ಒತ್ತುಕಾಗದ ಒತ್ತುತ್ತ.

ಸರಿಯಾದದ್ದೇ ಆಗಿತ್ತು. ಒಳ್ಳೆಯ ವಿಮಾನವೇ ಬರುತ್ತದೆ. ಆದರೆ ಅವನು ನಿಜ ಹೇಳಿದ್ದಕ್ಕಾಗಿ ಅಲ್ಲ. ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವಾದ್ದರಿಂದ. ಚಹಾ ಬಂತು. ಅವನು ಲೋಟ ಅಲ್ಲೇ ಇಟ್ಟು, ಈಗ ಬಂದೆ ಎಂದು, ಶಾಲೆಯ ಹಿಂದಿನ ಕಾಲುದಾರಿ ಹಿಡಿದು ಪದವು ಹತ್ತಿದ. ಬಿಸಿಲು ಇಳಿದು, ಮುರಕಲ್ಲು ತನ್ನ ಒಳಗಿನ ಕಾವನ್ನು ಬಿಡುತ್ತಿತ್ತು. ಪಾದ ನೆಲಕ್ಕೆ ಊರುತ್ತಿದೆಯೋ ಇಲ್ಲವೋ ಗೊತ್ತಾಗದ ಹಾಗೆ ಗಾಳಿ ಕಾಲಿನಡಿಯಿಂದ ಏಳುತ್ತಿತ್ತು. ಮೈಮೂನಾ ಆಡುಗಳನ್ನು ಒಟ್ಟು ಮಾಡುತ್ತಿದ್ದಳು. ಹದಿನೆಂಟು ಹಗ್ಗದಷ್ಟು ದೂರ ಅವನು ಹೆಚ್ಚುಕಡಿಮೆ ಓಡಿದ.

"ಮೈಮೂನಕ್ಕ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ನಾನು ಬಿಟ್ಟವನಲ್ಲ."

ಅವಳು ನಿಂತು ಅವನನ್ನು ನೋಡಿದಳು. "ಬಿಟ್ಟವರಲ್ವಾ?"

"ಅಲ್ಲ. ಸ್ಟೋರಿನಲ್ಲಿ ಇದ್ದದ್ದು."

"ಕೂತದ್ದು? ಬಸ್ಸಿನಲ್ಲಿ ಕೂತ ಹಾಗೆ?"

"ಅದೂ ಇಲ್ಲ."

"ಹೋ" ಎಂದಳು. ನಂಬಿದಳು. ನಗಲಿಲ್ಲ, ಹೆಗಲ ಮೇಲೆ ಕೈಯಿಡಲಿಲ್ಲ, ದೊಡ್ಡವರು ಹೀಗೆಯೇ ಹೇಳುವುದು ಎನ್ನಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನ ಮಾತನ್ನು ಅವನು ಆಡಿದಷ್ಟಕ್ಕೇ ತೆಗೆದುಕೊಂಡರು. ಜತ್ತಪ್ಪನ ಎದೆ ಖಾಲಿಯಾಗಿ, ಆ ಖಾಲಿಯಲ್ಲಿ ಸಂಜೆಯ ಗಾಳಿ ಆಡಿದಂತಾಯಿತು. ಅಳು ಬರಬಹುದು ಎಂದುಕೊಂಡ.

"ಹಾಗಾದ್ರೆ ನಾನು ಕೂರುದಿಲ್ಲ" ಎಂದಳು ಮೈಮೂನಾ.

"ಹಾಗಲ್ಲ. ವಿಮಾನ ಒಳ್ಳೆಯದೇ. ಸಣ್ಣದು ಅಂತ ಬರೆದು ಆಯ್ತು. ನನಗೆ ಗೊತ್ತುಂಟು, ಅದಕ್ಕೆ ಕೆಡುವಂಥದ್ದು ಎಂತ ಇಲ್ಲ."

"ಕೂರದೆ ಹೇಗೆ ಗೊತ್ತು?"

"ಅದರ ಸಾಮಾನು ಎಲ್ಲ ನಾನೇ ಎತ್ತಿ ಕೊಡ್ತಿದ್ದದ್ದು. ಅದರವನು ಸಾಮಾನು ಬೇಕು ಅಂತ ಬರುದೇ ಇಲ್ಲ."

"ಬೆಳಿಗ್ಗೆ ಹೌದು ಅಂದ್ರಿ, ಸಂಜೆ ಅಲ್ಲ ಅಂದ್ರಿ. ಈಗ ಒಳ್ಳೆಯದು ಅಂತೀರಿ. ಇದರಲ್ಲಿ ಯಾವುದನ್ನು ಹಿಡ್ಕೊಂಡು ನಾನು ಮೇಲೆ ಹೋಗುದು ರೈಗಳೇ? ಮಳೆ ಬರುವ ಮೊದಲೇ ಬಸ್ಸಿನಲ್ಲಿ ಹೋಗಿ ಮಗಳ ಮನೆಯಲ್ಲಿ ಎರಡು ತಿಂಗಳು ಕೂರ್ತೇನೆ. ಅಳಿಯ ಮುಖ ಸಿಂಡರಿಸ್ತಾನೆ, ಸಿಂಡರಿಸಲಿ."

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಕೆಳಗಿನ ಶಾಲೆಯಲ್ಲಿ ಅವನ ಸುಳ್ಳನ್ನು ನಂಬಿದವರೆಲ್ಲ ಒಳ್ಳೆಯ ವಿಮಾನದಲ್ಲಿ ಕೂರುತ್ತಾರೆ. ನಿಜವನ್ನು ನಂಬಿದ ಒಬ್ಬಳು ಕೂರುವುದಿಲ್ಲ. ಅವನು ಅವಳ ಹಿಂದೆ ಹಿಂದೆ, ಆಡುಗಳ ನಡುವೆ, ಪಟ್ಟಿಯ ಉದ್ದಕ್ಕೂ ನಡೆದ. ಒಂದು ಆಡು ಅವನ ಪಂಚೆಯ ಅಂಚನ್ನು ಎಳೆಯಿತು.

"ನಾನು ನಿಮ್ಮ ಪಕ್ಕದಲ್ಲಿ ಕೂತ್ರೆ?" ಎಂದ.

ಮೈಮೂನಾ ಯೋಚಿಸಿದಳು. ಬೆಳಿಗ್ಗೆಯ ಹಾಗೆಯೇ ಅವನ ಬಾಯಿಯನ್ನು ನೋಡಿ, ಆಮೇಲೆ ಕಾಲನ್ನು ನೋಡಿದಳು.

"ಇಬ್ಬರೂ ಒಟ್ಟಿಗೆ ಬಿದ್ರೆ ಎಂತ ಪ್ರಯೋಜನ? ಮೊದಲು ನೀವೊಬ್ಬರೇ ಹೋಗಿ. ಇಳಿದು ನನ್ನಲ್ಲಿಗೆ ಬಂದು ಹೇಳಿ. ಆಮೇಲೆ ನೋಡುವ."

ಅವನು ತಲೆಯೆತ್ತಿ ಮೇಲೆ ನೋಡಿ, ಕೂಡಲೇ ತಗ್ಗಿಸಿದ. ಅದು ಹೆದರಿಕೆ ಎಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಯಾಕೆಂದರೆ ಇಷ್ಟು ವರ್ಷ ಹೆದರುವ ಅಗತ್ಯವೇ ಬಿದ್ದಿರಲಿಲ್ಲ. ಮೇಲೆ ಏನೂ ಇರಲಿಲ್ಲ, ಒಂದು ಹದ್ದೂ ಇರಲಿಲ್ಲ, ಬರೀ ತೆಳ್ಳಗಿನ ಹಳದಿ ಬೆಳಕು. ಅಲ್ಲಿಗೆ ಈ ಮೈಯನ್ನು, ಈ ಪಂಚೆಯನ್ನು, ಈ ಗಲ್ಲದ ಗಾಯವನ್ನು ಒಯ್ಯಬೇಕು.

"ಆಗಲಿ" ಎಂದ ಜತ್ತಪ್ಪ. ನಗಲಿಲ್ಲ.

"ಹಾಗಾದ್ರೆ ಆ ಹಿಂದಿನದ್ದನ್ನು ಸ್ವಲ್ಪ ಓಡಿಸಿ" ಎಂದಳು ಅವಳು, ಅಂಚನ್ನು ಇಳಿಯುತ್ತ. ಅವನು ಬಗ್ಗಿ, ಹಿಂದುಳಿದ ಆಡಿನ ಕಿವಿ ಹಿಡಿದು, ಮೆಲ್ಲನೆ ಅವಳ ಹಿಂದೆ ಇಳಿಯತೊಡಗಿದ.